ಇನ್ವರ್ಟರ್ ನಾನೇ ಕೂಡಿಸಿದೆ

ವಿದ್ಯುತ್ತು ನನಗೆ ಹೊಸದೇನಲ್ಲ. ಭಾಲ್ಕಿಯ ಹೈಸ್ಕೂಲೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ವಿಜ್ಞಾನ ಹೇಳುತ್ತಿದ್ದೇನೆ. ಧನಾಗ್ರ, ಋಣಾಗ್ರ, ವಿದ್ಯುತ್ ಮಂಡಲ, ಎಲ್ಲ ನನಗೆ ಬಾಯಿಪಾಠ. ನಾನು ಬೋರ್ಡಿನ ಮೇಲೆ ಬರೆದ ಮಂಡಲದಲ್ಲಿ ಬಲ್ಬು ಹೊತ್ತದೇ ಇದ್ದದ್ದು ಇಂದಿನವರೆಗೂ ಇಲ್ಲ. ಸೀಮೆಸುಣ್ಣದ ಬಲ್ಬು ಅದು. ಸುತ್ತ ನಾಲ್ಕು ಗೆರೆ ಎಳೆದರೆ ಹೊತ್ತಿತೆಂದೇ ಅರ್ಥ. ಹಾಗಾಗಿ ಮನೆಗೆ ಇನ್ವರ್ಟರ್ ತರುವುದೆಂದು ನಿಶ್ಚಯವಾದಾಗ, ಅದನ್ನು ಕೂಡಿಸುವ ಯೋಗ್ಯತೆ ನಮ್ಮ ಓಣಿಯಲ್ಲಿ ನನಗೊಬ್ಬಳಿಗೇ ಇದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ನಿಶ್ಚಯಕ್ಕೆ ಕಾರಣ ಪುಷ್ಪಾ. ಅವಳು ನನ್ನ ಮೈದುನನ ಹೆಂಡತಿ, ಔರಾದದಲ್ಲಿರುತ್ತಾಳೆ. ಅವರ ಮನೆಗೆ ಇನ್ವರ್ಟರ್ ಬಂದ ದಿನದಿಂದ ಅವಳ ಪ್ರತಿ ಫೋನಿನಲ್ಲೂ ಒಂದು ಮಾತು ತಪ್ಪದೆ ಬರುತ್ತಿತ್ತು. "ಅಕ್ಕಾ, ನಮ್ಮಲ್ಲಿ ಕರೆಂಟ್ ಹೋಗಿದ್ದೇ ಗೊತ್ತಾಗಂಗಿಲ್ಲ ನೋಡ್ರಿ." ಅವಳು ಜಂಬಕ್ಕೆ ಹೇಳುತ್ತಿರಲಿಲ್ಲ. ಖುಷಿಗೆ ಹೇಳುತ್ತಿದ್ದಳು. ಜಂಬಕ್ಕಾದರೆ ನಾನು ತಡೆದುಕೊಳ್ಳುತ್ತಿದ್ದೆ. ಎಂಟನೇ ತರಗತಿಯ ಹಾಜರಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ ಈ ಮಾತು ಕೇಳುವುದು ಎಷ್ಟು ಕಷ್ಟ ಎಂಬುದು ಬೇಸಿಗೆಯಲ್ಲಿ ಭಾಲ್ಕಿಯಲ್ಲಿ ಇದ್ದವರಿಗೆ ಗೊತ್ತು.

ಅಷ್ಟರಲ್ಲಿ ನಮ್ಮ ಮಾವನವರಿಗೆ ಎಪ್ಪತ್ತೈದು ತುಂಬುವ ದಿನ ಹತ್ತಿರ ಬಂತು. ಅವರು ಅಂಚೆ ಕಚೇರಿಯಲ್ಲಿ ಇದ್ದು ನಿವೃತ್ತರಾದವರು. ಅವರು ನಿಜವಾಗಿ ಹುಟ್ಟಿದ ದಿನ ಯಾವುದೆಂದು ಯಾರಿಗೂ ಗೊತ್ತಿಲ್ಲ. ಸಾಲಿಗೆ ಹಾಕುವಾಗ ಮಾಸ್ತರರು ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ಕಡೆ ಅವರ ವಯಸ್ಸಿನ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದ್ದಾರೆ. ಆ ವರ್ಷ ಅದು ರವಿವಾರ ಬಿತ್ತು. ಪುಷ್ಪಾ, ಮೈದುನ ಪ್ರಕಾಶ ಇಬ್ಬರೂ ಬರುವುದೆಂದಾಯಿತು. ಅವರು ಬಂದಾಗ ನಮ್ಮ ಮನೆಯಲ್ಲೂ ಕರೆಂಟ್ ಹೋಗಬೇಕು, ಹೋಗಿದ್ದು ಅವಳಿಗೆ ಗೊತ್ತಾಗಬಾರದು. ಇದು ನನ್ನ ಯೋಜನೆ.

ಗುರುವಾರ ಬೀದರಕ್ಕೆ ಹೋಗಿ ಅಂಗಡಿಯಲ್ಲಿ ಇನ್ವರ್ಟರ್, ಬ್ಯಾಟರಿ ಆರಿಸಿದೆವು. ಅಂಗಡಿಯವರು ಒಳ್ಳೆಯ ಮನುಷ್ಯ.

"ಮೇಡಂ, ನಾಳೆ ಮಾಲು ಮನಿಗಿ ಬರ್ತದರಿ. ಕೂಡ್ಸೋ ಮಿಸ್ತ್ರಿ ಮಾತ್ರ ಮಂಗಳವಾರ ಬರ್ತಾನ. ಅಲ್ಲಿ ತನಕ ಡಬ್ಬಿ ಒಡಿಬ್ಯಾಡ್ರಿ."

"ಯಾಕ್ರಿ?"

"ಒಡದ್ರ ಕೈ ಹಚ್ಚಬೇಕು ಅನಸ್ತದರಿ."

ನಾನು ನಕ್ಕೆ. ನನ್ನ ಮನೆಯವರು ನಗಲಿಲ್ಲ. ಅವರ ಹೆಸರು ಅಶೋಕ, ದನದ ದವಾಖಾನೆಯಲ್ಲಿ ಕಂಪೌಂಡರ್. ಸೂಜಿ ಚುಚ್ಚುವ ಮೊದಲು ಎಮ್ಮೆಯ ಕಣ್ಣಲ್ಲಿ ಕಣ್ಣಿಟ್ಟು ಎರಡು ನಿಮಿಷ ಸುಮ್ಮನೆ ನಿಲ್ಲುವ ಮನುಷ್ಯ. ಔಷಧಿ ಬಾಟಲಿಯ ಮೇಲಿನ ಅಕ್ಷರ ಎಷ್ಟೇ ಸಣ್ಣದಿರಲಿ, ಪೂರ್ತಿ ಓದದೆ ಮುಚ್ಚಳ ತೆಗೆಯುವುದಿಲ್ಲ.

ಶುಕ್ರವಾರ ಗೂಡ್ಸ್ ಆಟೋದಲ್ಲಿ ಮಾಲು ಬಂತು. ಬ್ಯಾಟರಿಯನ್ನು ಇಬ್ಬರು ಹಮಾಲರು ಉಸಿರು ಬಿಗಿಹಿಡಿದು ಒಳಗೆ ತಂದರು. ಎಲ್ಲಿಡಬೇಕೆಂದು ಕೇಳಿದರು. ನಾನು ಅವರನ್ನು ನಿಲ್ಲಿಸಿಕೊಂಡೇ ಒಂದು ಚಿಕ್ಕ ಪಾಠ ಮಾಡಿದೆ. ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಹೊರಬೀಳುತ್ತದೆ, ಅದು ಹೊತ್ತಿಕೊಳ್ಳುವ ಅನಿಲ, ಆದ್ದರಿಂದ ಗಾಳಿ ಆಡುವ ಜಾಗದಲ್ಲೇ ಇಡತಕ್ಕದ್ದು. ಹಮಾಲರು ಬ್ಯಾಟರಿ ಹಿಡಿದೇ ಎಲ್ಲ ಕೇಳಿದರು. ಕೊನೆಗೆ ಒಬ್ಬ, "ಮೇಡಂ, ಕೈ ಹರಿಲಿಕ್ಕತ್ಯಾವರಿ" ಅಂದ. ಪಡಸಾಲೆಯ ಕಿಟಕಿಯ ಕೆಳಗೆ ಇಡಿಸಿದೆ. ಈ ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಇದೊಂದೇ.

ಅವರು ಹೋದ ಹತ್ತು ನಿಮಿಷಕ್ಕೆ ಡಬ್ಬಿ ಒಡೆದೆ.

ಮನೆಯವರು ಒಳಗಿನ ಪುಸ್ತಕ ತೆಗೆದು ಓದತೊಡಗಿದರು. "ಸುಜಾತಾ, ಇಲ್ಲಿ ನೋಡು. ಪರಿಣತ ಎಲೆಕ್ಟ್ರಿಷಿಯನ್ ಕಡಿಂದಲೇ ಜೋಡಿಸಬೇಕು ಅಂತ ಬರದದ."

"ಅದು ಎಲ್ಲರಿಗೂ ಬರಿತಾರ್ರಿ."

"ಎಲ್ಲರಿಗೂ ಬರದಾರಂದ್ರ ನಮಗೂ ಬರದಾರಲ್ಲ."

ತರ್ಕ ಸರಿ ಇತ್ತು. ಅದಕ್ಕೇ ನಾನು ಸ್ಪ್ಯಾನರ್ ಕೈಗೆತ್ತಿಕೊಂಡೆ. ಕೆಂಪು ವೈರು ಕೆಂಪಿಗೆ, ಕಪ್ಪು ವೈರು ಕಪ್ಪಿಗೆ ಬಿಗಿದೆ. ಇನ್ವರ್ಟರಿನ ಪ್ಲಗ್ಗು ಗೋಡೆಯ ಸಾಕೆಟ್ಟಿಗೆ ಹಾಕಿದೆ. ಹಸಿರು ದೀಪ ಹೊತ್ತಿತು. ನಾನು ಮನೆಯವರ ಮುಖ ನೋಡಿದೆ. ಅವರು ಪುಸ್ತಕದ ಮುಂದಿನ ಪುಟ ತಿರುವಿದರು.

ಆಮೇಲೆ ನೀರಿನ ಕಡೆ ಗಮನ ಹೋಯಿತು. ಬ್ಯಾಟರಿಯ ಮೇಲೆ ಆರು ಮುಚ್ಚಳ, ಒಂದೊಂದರಲ್ಲೂ ನೀರಿನ ಮಟ್ಟ ತೋರಿಸುವ ಸಣ್ಣ ಕಡ್ಡಿ. ಕಡ್ಡಿಗೆ ಎರಡು ಗುರುತು, ಕೆಳಗೊಂದು, ಮೇಲೊಂದು. ನಮ್ಮ ನೀರು ನಡುವೆ ನಿಂತಿತ್ತು. ನಡುವೆ ಇರುವುದೇ ಸರಿ ಎಂದು ಮನೆಯವರು ಓದಿ ಹೇಳಿದರು. ನನ್ನ ಒಳಗಿನ ಟೀಚರು ಒಪ್ಪಲಿಲ್ಲ. ನಡುವೆ ಅಂದರೆ ಹತ್ತಕ್ಕೆ ಐದು. ಹತ್ತಕ್ಕೆ ಐದು ತೆಗೆದವರನ್ನು ನಾನು ಇಂದಿನವರೆಗೂ ಭೇಷ್ ಅಂದವಳಲ್ಲ. ಡಿಸ್ಟಿಲ್ಡ್ ವಾಟರ್ ಡಬ್ಬಿ ತಂದು ಆರೂ ಕಡೆ ಮೇಲಿನ ಗುರುತಿನ ತನಕ ತುಂಬಿದೆ. ಅದರ ಮೇಲೂ ಒಂದಿಷ್ಟು ಹಾಕಿದೆ, ಗ್ರೇಸ್ ಅಂಕದಂತೆ.

ಶನಿವಾರ ಮುಂಜಾನೆ ಎದ್ದು ನೋಡಿದರೆ ಬ್ಯಾಟರಿಯ ಸುತ್ತ ನೀರು. ಚಾರ್ಜ್ ಆಗುತ್ತ ಒಳಗೆ ಕುದಿದು, ಹೆಚ್ಚಾದದ್ದನ್ನೆಲ್ಲ ಮೇಲಿನಿಂದ ಹೊರಗೆ ಹಾಕಿತ್ತು. ನಾನು ಕಿಟಕಿಯ ಹಗ್ಗದ ಮೇಲಿದ್ದ ಬಿಳಿ ಬಟ್ಟೆ ಎಳೆದುಕೊಂಡು ನೆಲ ಒರೆಸಿದೆ. ಎರಡು ಸಲ ಒರೆಸಿ, ಹಿಂಡಿ, ಮೂರನೇ ಸಲ ಒರೆಸುವಾಗ ಬಟ್ಟೆಗೆ ಅಂಚು ಇರುವುದು ಕಂಡಿತು. ಮಾವನವರ ಹೊಸ ಧೋತರ. ನಾಳಿನ ಸಮಾರಂಭಕ್ಕೆಂದು ಗಂಜಿ ಬಿಡಿಸಿ ಒಣಹಾಕಿದ್ದು.

ಕೈ ಚುರುಗುಟ್ಟತೊಡಗಿದಾಗ ಇದು ನೀರಲ್ಲ, ಆಮ್ಲ ಬೆರೆತ ನೀರು ಎಂಬ ಜ್ಞಾನ ಬಂತು. ಆಮ್ಲದ ಪಾಠ ನಾನು ಹತ್ತನೇ ತರಗತಿಗೆ ಹೇಳುತ್ತೇನೆ. ಕೈ ತೊಳೆದುಕೊಂಡೆ. ಧೋತರವನ್ನೂ ಮೂರು ಬಕೆಟ್ ನೀರಿನಲ್ಲಿ ಜಾಲಾಡಿ ಒಣಹಾಕಿದೆ. ನೋಡಲಿಕ್ಕೆ ಏನೂ ಆಗಿರಲಿಲ್ಲ. ಮೊದಲಿಗಿಂತ ಬೆಳ್ಳಗೇ ಕಂಡಿತು. ಯಾರಿಗೂ ಹೇಳಲಿಲ್ಲ.

ಇನ್ನು ಮುಖ್ಯ ಕೆಲಸ ಉಳಿದಿತ್ತು. ಇನ್ವರ್ಟರಿನ ಹಿಂದೆ ಒಂದು ಸಾಕೆಟ್ ಇರುತ್ತದೆ. ಕರೆಂಟ್ ಹೋದಾಗ ಬ್ಯಾಟರಿಯ ಕರೆಂಟು ಅಲ್ಲಿಂದ ಹೊರಗೆ ಬರುತ್ತದೆ. ಅದನ್ನು ಮನೆಯ ಫ್ಯಾನು, ದೀಪಗಳಿಗೆ ಮುಟ್ಟಿಸಲು ಮಿಸ್ತ್ರಿ ಬೇರೆ ವೈರು ಎಳೆಯುತ್ತಾನೆ, ಸ್ವಿಚ್ ಬೋರ್ಡು ಬಿಚ್ಚುತ್ತಾನೆ, ಅರ್ಧ ದಿನ ಗೋಡೆ ಹತ್ತಿಳಿಯುತ್ತಾನೆ. ನನಗೆ ಇದೆಲ್ಲ ಹುಚ್ಚುತನ ಅನಿಸಿತು. ಮನೆಯ ಗೋಡೆಯೊಳಗೆ ವೈರು ಆಗಲೇ ಇದೆ. ಎರಡೂ ತುದಿಗೆ ಪಿನ್ ಇರುವ ಒಂದು ವೈರು ಮಾಡಿ, ಒಂದು ತುದಿ ಇನ್ವರ್ಟರಿಗೆ, ಇನ್ನೊಂದು ತುದಿ ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಆಯಿತಲ್ಲ. ಸಾಕೆಟ್ಟಿನಿಂದ ಕರೆಂಟ್ ಹೊರಗೆ ಬರುತ್ತದೆ ಅಂದ ಮೇಲೆ ಒಳಗೂ ಹೋಗಲೇಬೇಕು. ಇಷ್ಟು ಸರಳ ಸಂಗತಿ ಯಾವ ಮಿಸ್ತ್ರಿಗೂ ಯಾಕೆ ಹೊಳೆದಿಲ್ಲ ಎಂದು ಆಶ್ಚರ್ಯಪಟ್ಟೆ. ಹೊಳೆದವರು ಯಾರೂ ಈಗ ಉಳಿದಿಲ್ಲದಿರಬಹುದು ಎಂಬ ವಿಚಾರ ತಲೆಗೆ ಬರಲಿಲ್ಲ.

ಪೇಟೆಗೆ ಹೋಗಿ ಎರಡು ತ್ರೀಪಿನ್ ಪ್ಲಗ್ ಟಾಪು, ಒಂದಿಷ್ಟು ವೈರು ಕೇಳಿದೆ. ಅಂಗಡಿಯವರಿಗೆ ಅನುಮಾನ ಬಂತು.

"ಒಂದೇ ವೈರಿಗಿ ಎರಡು ಟಾಪ್ ಏನ್ರಿ ಟೀಚರ್? ಯಾತಕ್ಕ?"

"ಸಾಲಿ ಪ್ರಯೋಗಕ್ಕರಿ."

ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೇಳುವವಳು ನಾನು. ಅಂಗಡಿಯವರು ಮಕ್ಕಳಲ್ಲವಲ್ಲ.

ಸಂಜೆ ಪರೀಕ್ಷೆ. ವೈರಿನ ಎರಡೂ ತುದಿ ಅದರದರ ಜಾಗಕ್ಕೆ ಚುಚ್ಚಿದೆ. ಕರೆಂಟ್ ಹೋದಂತೆ ಮಾಡಬೇಕಲ್ಲ, ಅದಕ್ಕೆ ಮನೆಯವರನ್ನು ಬಾಗಿಲ ಹತ್ತಿರ ನಿಲ್ಲಿಸಿ ಮೇನ್ ಸ್ವಿಚ್ ಆಫ್ ಮಾಡಿಸಿದೆ.

ಟಿಕ್ ಅಂತ ಸದ್ದಾಗಿ ಮನೆಯೆಲ್ಲ ದೀಪ ಹೊತ್ತಿದವು. ನಾನು ಬಾಯಿ ತೆರೆಯುವಷ್ಟರಲ್ಲಿ ಟಕ್ ಅಂತ ಆರಿದವು. ಮತ್ತೆ ಟಿಕ್, ಹೊತ್ತಿದವು. ಟಕ್, ಆರಿದವು. ಟಿಕ್ ಟಕ್ ಟಿಕ್ ಟಕ್. ಮಾವನವರು ಮರಾಠಿ ಧಾರಾವಾಹಿ ನೋಡುತ್ತಿದ್ದರು. ಟಿವಿ ಒಮ್ಮೆ ಕಣ್ಣು ಬಿಟ್ಟು ಒಮ್ಮೆ ಮುಚ್ಚಿತು. ಅವರು ಶಾಂತವಾಗಿ, "ನಾಳಿಗೆ ಏನು ಡೆಕೋರೇಶನ್ ಏನವ್ವಾ? ಛಲೋ ಅದ" ಅಂದರು.

ನಾನು ಎರಡು ನಿಮಿಷ ನಿಂತು ನೋಡಿದ ಮೇಲೆ ಸಂಗತಿ ತಿಳಿಯಿತು. ಇನ್ವರ್ಟರ್ ಮನೆಗೆಲ್ಲ ಕರೆಂಟ್ ಕೊಡುತ್ತಿತ್ತು. ಅದರ ಸ್ವಂತ ಪ್ಲಗ್ಗೂ ಅದೇ ಮನೆಯ ಸಾಕೆಟ್ಟಿನಲ್ಲಿತ್ತು. ತಾನೇ ಕೊಟ್ಟ ಕರೆಂಟು ತನ್ನ ಹತ್ತಿರವೇ ಬಂದಾಗ, ಓಹೋ ಕರೆಂಟ್ ಬಂತು ಎಂದು ನಂಬಿ ಅದು ಕೊಡುವುದನ್ನು ನಿಲ್ಲಿಸುತ್ತಿತ್ತು. ನಿಲ್ಲಿಸಿದ ಕೂಡಲೆ, ಅಯ್ಯೋ ಹೋಯಿತು ಎಂದು ಮತ್ತೆ ಕೊಡುತ್ತಿತ್ತು. ತನ್ನ ಕೆಲಸವನ್ನು ತಾನೇ ನೋಡಿ ಮೋಸಹೋಗುವುದರಲ್ಲಿ ಅದು ನನ್ನನ್ನೇ ಹೋಲುತ್ತಿತ್ತು.

ಪರಿಹಾರವೂ ಹೊಳೆಯಿತು. ಇನ್ವರ್ಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತೆ. ದೀಪಗಳು ಸ್ಥಿರವಾಗಿ ನಿಂತವು. ಫ್ಯಾನು ತಿರುಗಿತು. ಧಾರಾವಾಹಿಯ ಸೊಸೆ ನಿಲ್ಲಿಸಿದ ಅಳು ಮುಂದುವರಿಸಿದಳು. ಮನೆಯವರು ಕೂಡ "ಭೇಷ್" ಅಂದರು. ಅವರ ಬಾಯಿಂದ ಆ ಮಾತು ಎಮ್ಮೆಗಳು ಮಾತ್ರ ಕೇಳಿವೆ.

ವೈರು ಕಿತ್ತು, ಮೇನ್ ಹಾಕಿಸಿ, ಪ್ಲಗ್ಗನ್ನು ಮೊದಲಿನಂತೆ ಚುಚ್ಚಿದೆ. ತಡಮಾಡದೆ ಒಂದು ಡ್ರಾಯಿಂಗ್ ಶೀಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಇನ್ವರ್ಟರಿನ ಮೇಲಿನ ಗೋಡೆಗೆ ಅಂಟಿಸಿದೆ. "ವಿದ್ಯುತ್ ನಿಲುಗಡೆಯ ಸಮಯದಲ್ಲಿ ಅನುಸರಿಸತಕ್ಕ ಕ್ರಮ. ಮೊದಲನೆಯದಾಗಿ, ಇನ್ವರ್ಟರಿನ ಪ್ಲಗ್ ಕೀಳತಕ್ಕದ್ದು. ಎರಡನೆಯದಾಗಿ, ವಿಶೇಷ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚತಕ್ಕದ್ದು. ಮೂರನೆಯದಾಗಿ, ಗಾಬರಿಯಾಗತಕ್ಕದ್ದಲ್ಲ."

ಮನೆಯವರು ಎರಡು ಸಲ ಓದಿದರು. "ಮೇನ್ ಆಫ್ ಮಾಡೂದು ಬರಿಲಿಲ್ಲಲ್ಲ?"

"ಅದು ಪರೀಕ್ಷಾಕ್ಕಂತ ಮಾಡಿದ್ವಿರಿ, ಕರೆಂಟ್ ಹೋದಂಗ ಆಗಲಿ ಅಂತ. ಖರೇನೇ ಹೋದ ಮ್ಯಾಲ ಮತ್ತ ಯಾಕ ತೆಗಿಬೇಕು?"

"ಹೌದಲ್ಲ" ಅಂದರು.

ಹತ್ತೊಂಬತ್ತು ವರ್ಷ ನನ್ನ ಪಾಠ ಕೇಳಿದ ಮಕ್ಕಳೂ ಹೀಗೆಯೇ "ಹೌದಲ್ಲ" ಅಂದಿದ್ದಾರೆ. ಅವರೆಲ್ಲ ಈಗ ಎಲ್ಲೆಲ್ಲಿ ಏನೇನು ಜೋಡಿಸುತ್ತಿದ್ದಾರೋ.

ರವಿವಾರ ಮುಂಜಾನೆ ಮಾವನವರು ಸ್ನಾನ ಮುಗಿಸಿ ಧೋತರ ಕೇಳಿದರು. ತಂದುಕೊಟ್ಟೆ. ಅವರು ಝಾಡಿಸಿದರು. ಝಾಡಿಸಿದ ಕಡೆಯೆಲ್ಲ ಬಟ್ಟೆ ಉದುರಿತು. ಒಣಗಿದ ಮೇಲೆ ಆಮ್ಲ ತನ್ನ ಕೆಲಸ ನಿಧಾನವಾಗಿ, ಚೊಕ್ಕಟವಾಗಿ ಮಾಡಿ ಮುಗಿಸಿತ್ತು. ಧೋತರ ಜರಡಿಯಂತಾಗಿತ್ತು. ಮಾವನವರು ಅದನ್ನು ಬೆಳಕಿಗೆ ಹಿಡಿದು, ಒಂದು ತೂತಿನೊಳಗಿಂದ ನನ್ನನ್ನು ನೋಡಿದರು.

"ಗಾಳಿ ಆಡ್ಲಿ ಅಂತ ಮಾಡಿಯೇನವ್ವಾ?"

ಆಗಿದ್ದನ್ನು ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಮಗನ ಪೈಜಾಮ ಹಾಕಿಕೊಂಡು ಕುರ್ಚಿಯ ಮೇಲೆ ಕೂತರು. ಪೈಜಾಮ ಒಂದು ಗೇಣು ಉದ್ದ ಹೆಚ್ಚಿತ್ತು, ಕೆಳಗೆ ಮಡಚಿದೆ.

ಹನ್ನೊಂದಕ್ಕೆ ಔರಾದದ ಬಸ್ಸಿನಿಂದ ಪುಷ್ಪಾ, ಪ್ರಕಾಶ ಬಂದರು. ಬುದ್ಧವಂದನೆ ಆಯಿತು. ಕೇಕು ಕೊಯ್ದದ್ದಾಯಿತು. ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತರು. ನಾನು ಹೋಳಿಗೆ ಬಡಿಸುತ್ತ ಮೇಲೆ ತಿರುಗುವ ಫ್ಯಾನನ್ನೇ ನೋಡುತ್ತಿದ್ದೆ. ದಿನಾ ಹೋಗುವ ಕರೆಂಟು ಅವತ್ತು ಹೋಗುತ್ತಿಲ್ಲ. ಮೊದಲನೇ ಹೋಳಿಗೆ ಮುಗಿಯಿತು, ಹೋಗಲಿಲ್ಲ. ಎರಡನೆಯದು ಮುಗಿಯುವಾಗ ಹೊರಗೆ ಕಂಬದ ಕಡೆ ಚಟ್ ಎಂದು ಸದ್ದಾಗಿ ಫ್ಯಾನು ನಿಧಾನವಾಗುತ್ತ ನಿಂತಿತು. ಹಬ್ಬದ ಊಟದ ನಡುವೆ ಕರೆಂಟ್ ಹೋಗಿದ್ದಕ್ಕೆ ಸಂತೋಷಪಟ್ಟ ಗೃಹಿಣಿ ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

"ಪುಷ್ಪಾ, ಒಂದು ನಿಮಿಷ" ಎಂದು ಹೋಳಿಗೆ ತಾಟು ಕೆಳಗಿಟ್ಟು ಶೀಟಿನ ಪ್ರಕಾರ ನಡೆದೆ. ಪ್ಲಗ್ ಕಿತ್ತೆ. ವಿಶೇಷ ವೈರು ಚುಚ್ಚಿದೆ. ಗಾಬರಿಯಾಗಲಿಲ್ಲ. ಫ್ಯಾನು ತಿರುಗಿತು.

ಅದೇ ಕ್ಷಣಕ್ಕೆ ಗೋಡೆಯಾಚೆಯಿಂದ ಪಕ್ಕದ ಮನೆಯ ಶಕುಂತಲಾಬಾಯಿಯ ದನಿ ಬಂತು. "ಟೀಚರ್, ಕರೆಂಟ್ ಬಂತ್ರಿ."

"ನಮ್ಮದು ಇನ್ವರ್ಟರ್ ರಿ ಬಾಯಿ" ಎಂದು ಪುಷ್ಪಾಳಿಗೆ ಕೇಳುವಂತೆ ಹೇಳಿದೆ.

"ನಮ್ಮದು ಕರೆಂಟೇ ರಿ."

ನನಗೆ ಸ್ವಲ್ಪ ಪೆಚ್ಚಾಯಿತು. ಇಷ್ಟು ಜಲ್ದಿ ಬರುವುದಿದ್ದರೆ ಹೋಗಿದ್ದಾದರೂ ಯಾಕೆ. ಅಷ್ಟರಲ್ಲಿ ಶಕುಂತಲಾಬಾಯಿಯ ಅಡಿಗೆ ಮನೆಯಲ್ಲಿ ಮಿಕ್ಸಿ ಗುರ್ರ್ ಎಂದಿತು. ನಮ್ಮ ಫ್ಯಾನು ನಿಧಾನವಾಯಿತು. ಇನ್ವರ್ಟರ್ ಕೀಂ ಎಂದು ಕೂಗಿತು. ಮಿಕ್ಸಿ ನಿಂತಿತು. ಫ್ಯಾನು ಮತ್ತೆ ಜೋರಾಯಿತು. ಗುರ್ರ್. ಕೀಂ. ಗುರ್ರ್. ಕೀಂ.

ಪುಷ್ಪಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದಳು. "ಅಕ್ಕಾ, ಅವರ ಮಿಕ್ಸಿ ತಿರುಗಿದ್ರ ನಿಮ್ಮ ಫ್ಯಾನ್ ಯಾಕ ಮೆಲ್ಲಗಾಗ್ತದರಿ?"

ಇಡೀ ಮನೆಯಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಆಗಿತ್ತು. ನಾನು ಹೇಳಿದೆ, "ಶಬ್ದದ ಕಂಪನ."

"ಹೌದೇನ್ರಿ" ಎಂದು ಅವಳು ನಂಬಿದಳು. ನನಗೂ ನಂಬಿಕೆ ಬಂತು.

ಬಾಗಿಲು ತೆರೆದಿತ್ತು. ಎದುರಿನ ಕಂಬಕ್ಕೆ ಏಣಿ ಹಚ್ಚಿ ಒಬ್ಬರು ಹತ್ತುತ್ತಿದ್ದದ್ದು ಕಂಡಿತು. ನಮ್ಮ ಭಾಗದ ಲೈನ್‌ಮನ್ ಕಾಶಿನಾಥ. ಕರೆಂಟ್ ಹೋದ ಕೂಡಲೆ ಶಕುಂತಲಾಬಾಯಿ ಅವರಿಗೆ ಫೋನ್ ಮಾಡಿದ್ದಳಂತೆ. ರಜೆ ದಿನವೂ ಇಷ್ಟು ಚುರುಕಾಗಿ ಬಂದರಲ್ಲ ಎಂದು ಮೆಚ್ಚಿಕೊಂಡೆ. ಅವರು ಮೇಲೆ ಹೋಗಿ ವೈರಿನ ಕಡೆ ಕೈ ಚಾಚಿದರು. ಚಾಚಿದ ಕೈ ಹಿಂದೆ ತೆಗೆದು ಕಿಸೆಯಿಂದ ಟೆಸ್ಟರ್ ತೆಗೆದರು. ವೈರಿಗೆ ಮುಟ್ಟಿಸಿ ನೋಡಿದರು. ಟೆಸ್ಟರನ್ನು ನೆರಳಿಗೆ ಹಿಡಿದು ಮತ್ತೆ ಮುಟ್ಟಿಸಿ ನೋಡಿದರು. ಆಮೇಲೆ ತಲೆ ತಿರುಗಿಸಿ ನಮ್ಮ ಮನೆ, ಶಕುಂತಲಾಬಾಯಿಯ ಮನೆ ಎರಡನ್ನೂ ಒಂದರ ನಂತರ ಒಂದು ನೋಡಿ, ಒಂದೊಂದೇ ಮೆಟ್ಟಿಲು ಹುಡುಕುತ್ತ ಕೆಳಗಿಳಿದರು.

ನಮ್ಮ ಬಾಗಿಲಿಗೆ ಬಂದು ಕೇಳಿದರು. "ಟೀಚರ್, ಮನ್ಯಾಗ ಜನರೇಟರ್, ಇನ್ವರ್ಟರ್ ಏನರ ಅದ ಏನ್ರಿ?"

ಸುದ್ದಿ ಕಂಬದ ತನಕ ಹೋಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು. "ಅದ ಬರ್ರಿ ಅಣ್ಣಾ. ನಾನೇ ಕೂಡಿಸೀನಿ" ಎಂದು ಒಳಗೆ ಕರೆದು ತೋರಿಸಿದೆ.

ಅವರು ಇನ್ವರ್ಟರ್ ನೋಡಿದರು. ವೈರು ನೋಡಿದರು. ಗೋಡೆಯ ಮೇಲಿನ ಶೀಟನ್ನು ಮೊದಲಿನಿಂದ ಕೊನೆಯ ತನಕ, ತುಟಿ ಅಲುಗಿಸುತ್ತ ಓದಿದರು. ಹೊರಗೆ ಹೋಗಿ ನಮ್ಮ ಮೇನ್ ಸ್ವಿಚ್ ಆಫ್ ಮಾಡಿ ಬಂದರು. ಇನ್ವರ್ಟರಿನ ಬಟನ್ ಒತ್ತಿ ಬಂದ್ ಮಾಡಿದರು. ಮನೆಯಲ್ಲಿ ಫ್ಯಾನು ನಿಂತಿತು.

ಗೋಡೆಯಾಚೆ ಮಿಕ್ಸಿಯ ಸದ್ದು ನಡುವೆಯೇ ಸತ್ತಿತು. "ಟೀಚರ್, ಮತ್ತ ಹೋಯ್ತ್ರಿ" ಎಂದಳು ಶಕುಂತಲಾಬಾಯಿ.

ಕಾಶಿನಾಥ ವೈರನ್ನು ಪ್ಲಾಸ್ಟಿಕ್ಕಿನ ಕಡೆ ಹಿಡಿದು ಗೋಡೆಯಿಂದ ಕಿತ್ತು, ಪಿನ್ನುಗಳನ್ನು ನನ್ನ ಕಡೆ ತೋರಿಸಿದರು.

"ಇದು ಎರಡು ತಲಿ ಹಾವು ಅದರಿ ಟೀಚರ್. ಒಂದು ತುದಿ ಮಷಿನಿಗಿ ಇದ್ದಾಗ ಈ ಕಡಿ ಪಿನ್ನಿಗಿ ಕೈ ತಾಗಿದ್ರ ಖಲಾಸ್. ಅದು ಒಂದು. ಎರಡನೇದು, ಮೇನ್ ಚಾಲೂ ಇಟ್ಟು ಇದನ್ನ ಹಚ್ಚೀರಿ. ನಿಮ್ಮ ಬ್ಯಾಟರಿ ಕರೆಂಟು ಮನ್ಯಾಗ ನಿಂತಿಲ್ಲ. ಮೀಟರ್ ದಾಟಿ ಕಂಬಕ್ಕ ಬಂದದ. ಅಲ್ಲಿ ನಿಮ್ಮ ಎರಡು ಮನಿ ವೈರು ಒಂದೇ ಕಡಿ ಕಟ್ಟಿದ್ದು, ಆ ಕಟ್ಟು ಸುಟ್ಟು ಲೈನಿಂದ ಬಿಚ್ಚ್ಯದ. ಅದಕ್ಕ ಆ ಬಾಯಿಯವರ ಮಿಕ್ಸಿ ತಿರುಗ್ಯದ."

ಮನೆಯವರು ಮೆಲ್ಲಗೆ ಕೇಳಿದರು. "ನೀವು ಮ್ಯಾಲ ಇದ್ದಾಗ..."

"ಎರಡೂ ಮನ್ಯಾಗ ಕರೆಂಟ್ ಇಲ್ಲ ಅಂತ ಫೋನ್ ಬಂದದ. ವೈರ್ ಬಿಚ್ಚಿ ಜೋತು ಬಿದ್ದಿದ್ದು ಕಣ್ಣಿಗಿ ಕಾಣಸ್ತದ. ಅದರಾಗ ಕರೆಂಟ್ ಎಲ್ಲಿಂದ ಬರಬೇಕ್ರಿ? ಕೈ ಹಾಕೇ ಬಿಡ್ತಿದ್ದೆ. ಯಾಕೋ ಟೆಸ್ಟರ್ ಹಚ್ಚಿ ನೋಡಮ ಅನಿಸ್ತು." ಆಮೇಲೆ "ಜರಾ ನೀರು ಕೊಡ್ರಿ" ಅಂದರು.

ನೀರು ನನ್ನ ಕೈಯಿಂದ ಅವರ ಕೈಗೆ ಹೋಗುವಷ್ಟರಲ್ಲಿ ಅರ್ಧ ಲೋಟ ನೆಲಕ್ಕೆ ಚೆಲ್ಲಿತು. "ನನಗ ಎರಡು ಹೆಣ್ಣುಮಕ್ಕಳವರಿ" ಎಂದರು. ಅಷ್ಟೇ. ಸಿಟ್ಟಿನಿಂದ ಹೇಳಲಿಲ್ಲ. ಪರಿಚಯ ಹೇಳುವಂತೆ ಹೇಳಿದರು. ಒಬ್ಬಳು ನಮ್ಮದೇ ಸಾಲಿಗೆ ಈ ವರ್ಷ ಎಂಟನೆಯದಕ್ಕೆ ಬರುವವಳಿದ್ದಳು.

ಹತ್ತೊಂಬತ್ತು ವರ್ಷದಲ್ಲಿ ನಾನು ಯಾವ ಮಗುವನ್ನೂ ಇಷ್ಟು ಚಿಕ್ಕದಾಗಿಸಿ ನಿಲ್ಲಿಸಿಲ್ಲ. ಬೈದಿದ್ದರೆ ಒಂದು ಉತ್ತರ ಹುಡುಕಬಹುದಿತ್ತು. "ತಪ್ಪಾಯ್ತ್ರಿ ಅಣ್ಣಾ" ಅಂದೆ.

ಅವರು ಕಟಿಂಗ್ ಪ್ಲೇಯರಿನಿಂದ ವೈರನ್ನು ನಡುವೆ ಕತ್ತರಿಸಿ ಎರಡೂ ತುಂಡು ನನ್ನ ಕೈಗಿಟ್ಟರು. ಮತ್ತೆ ಕಂಬ ಹತ್ತಿ ಕಟ್ಟು ಸರಿಮಾಡಿ ಬಂದರು. ಅವರು ಮೇಲಿರುವ ಅಷ್ಟೂ ಹೊತ್ತು ನಾನು ಮೇನ್ ಸ್ವಿಚ್ಚಿನ ಮುಂದೆ ಎರಡೂ ಕೈ ಬೆನ್ನಿಗೆ ಕಟ್ಟಿ ನಿಂತಿದ್ದೆ. ಯಾರಾದರೂ ಬಂದು ಹಾಕಿಯಾರು ಎಂಬ ಭಯಕ್ಕಲ್ಲ. ನಾನೇ ಹಾಕಿಯೇನು ಎಂಬ ಭಯಕ್ಕೆ.

ಮಾವನವರು ಕಾಶಿನಾಥರನ್ನು ಬಿಡಲಿಲ್ಲ. ಪಕ್ಕಕ್ಕೆ ಕೂಡಿಸಿಕೊಂಡು ಹೋಳಿಗೆ ತಿನ್ನಿಸಿದರು. ತಮ್ಮ ಮಡಚಿದ ಪೈಜಾಮ ತೋರಿಸಿ, "ಧೋತರಕ್ಕ ಆದದ್ದು ಮನಷ್ಯಾಗ ಆಗಲಿಲ್ಲ. ಸಾಕು ಬಿಡ್ರಿ" ಅಂದರು. ಆಗ ಮಾತ್ರ ಕಾಶಿನಾಥ ನಕ್ಕರು. ಹೋಗುವಾಗ ನನ್ನ ಫೋನ್ ನಂಬರ್ ಬರೆದುಕೊಂಡರು. ಯಾಕೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಸಂಜೆ ಬಸ್ಸಿಗೆ ಹೊರಡುವಾಗ ಪುಷ್ಪಾ ನನ್ನ ಕೈ ಹಿಡಿದುಕೊಂಡಳು. "ಅಕ್ಕಾ, ಮನಸ್ಸಿಗಿ ಹಚ್ಚಿಕೊಬ್ಯಾಡ್ರಿ. ನಮಗ ಸೈನ್ಸ್ ಗೊತ್ತಿಲ್ಲಂತ ನಾವು ಮಿಸ್ತ್ರಿನ್ನೇ ಕರಿಸಿದ್ವಿರಿ." ಸಮಾಧಾನ ಮಾಡಲೆಂದೇ ಹೇಳಿದಳು. ಅವಳ ಮುಖದಲ್ಲಿ ಒಂದಿಷ್ಟೂ ಕುಹಕ ಇರಲಿಲ್ಲ. ನಾನು ಹುಡುಕಿ ನೋಡಿದೆ.

ಮಂಗಳವಾರ ಬೀದರದಿಂದ ಮಿಸ್ತ್ರಿ ಬಂದ. ಬ್ಯಾಟರಿಯ ಮುಚ್ಚಳ ತೆಗೆದು ನೋಡಿ ತಲೆ ಆಡಿಸಿ, ಹೆಚ್ಚಿನ ನೀರನ್ನು ಪಿಚಕಾರಿಯಂಥದರಿಂದ ಎಳೆದು ತೆಗೆದ. ಕೈಗೆ ರಬ್ಬರ್ ಗ್ಲೌಸ್ ಹಾಕಿಕೊಂಡಿದ್ದ. ಅದೂ ಒಂದು ಪದ್ಧತಿ ಇದೆ ಎಂಬುದು ಆಗ ತಿಳಿಯಿತು. ಫ್ಯಾನು, ದೀಪಗಳಿಗೆ ಬೇರೆ ವೈರು ಎಳೆದ. ಅರ್ಥಿಂಗ್ ನೋಡಿದ. ಮೇನ್ ಆಫ್ ಮಾಡಿ, ಆನ್ ಮಾಡಿ ತೋರಿಸಿದ. ಟಿಕ್ ಅಂತ ಒಂದೇ ಸಲ ಸದ್ದಾಯಿತು. ಗೋಡೆಗೆ ಒಂದು ಗೀಚೂ ಬೀಳಲಿಲ್ಲ, ಅರ್ಧ ದಿನವೂ ಹಿಡಿಯಲಿಲ್ಲ.

ಕೈ ತೊಳೆಯುತ್ತ ಕೇಳಿದ. "ಇದಕ್ಕ ಮೊದಲು ಯಾರು ಕೈ ಹಚ್ಚಿದ್ರಿ ಸರ್?"

ನಾನು ಚಹಾ ಕಪ್ಪು ಹಿಡಿದು ಬಾಗಿಲಲ್ಲೇ ನಿಂತೆ. ನನ್ನ ಮನೆಯವರು ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. "ಇಲ್ಲೇ ಊರಾಗಿನ ಒಬ್ಬ ಮಿಸ್ತ್ರಿರಿ" ಅಂದರು.

"ಅವನಿಗಿ ಮತ್ತ ಕರಿಬ್ಯಾಡ್ರಿ."

"ಕರಿಯಂಗಿಲ್ಲರಿ. ಕರಿಲಾರದೇ ಬರ್ತಾನ, ಅದೇ ತಕಲೀಫ್."

ಶೀಟನ್ನು ಹರಿದು ಒಲೆಗೆ ಹಾಕಿದೆ. ಈಗ ಕರೆಂಟ್ ಹೋದರೆ ಫ್ಯಾನು ತಾನೇ ತಿರುಗುತ್ತದೆ. ನಾನು ಏನೂ ಮಾಡಬೇಕಾಗಿಲ್ಲ. ಏನೂ ಮಾಡಬಾರದೆಂದು ಮನೆಯಲ್ಲಿ ಠರಾವು ಆಗಿದೆ.

ಜುಲೈನಲ್ಲಿ ಒಂದು ದಿನ ಗಾಳಿಗೆ ಓಣಿಯ ಕರೆಂಟ್ ಹೋಗಿತ್ತಂತೆ. ನಾನು ಸ್ಟಾಫ್ ರೂಮಿನಲ್ಲಿದ್ದೆ. ಫೋನ್ ಬಂತು. ಕಾಶಿನಾಥ.

"ಟೀಚರ್, ಎಲ್ಲಿ ಅದೀರಿ?"

"ಸಾಲ್ಯಾಗರಿ ಅಣ್ಣಾ. ಯಾಕ್ರಿ?"

"ಮನಿಗಿ ಯಾವಾಗ ಬರ್ತೀರಿ?"

"ಸಂಜಿಕ್ರಿ. ಏನಾಯ್ತ್ರಿ?"

"ಏನಿಲ್ಲರಿ, ನಿಮ್ಮ ಓಣ್ಯಾಗ ಕಂಬ ಹತ್ತೂದದ" ಅಂದರು. "ಹಂಗಾದ್ರ ಹತ್ತತೀನಿ."

ಅಂದಿನಿಂದ ಇದೇ ಕ್ರಮ ನಡೆದಿದೆ. ಮೊದಲು ಲೈನ್ ಬಂದ್ ಮಾಡುತ್ತಾರೆ. ಆಮೇಲೆ ಟೆಸ್ಟರ್ ಹಚ್ಚಿ ನೋಡುತ್ತಾರೆ. ಕೊನೆಗೆ, ಕೈ ಹಾಕುವ ಮೊದಲು, ನಾನು ಎಲ್ಲಿದ್ದೇನೆಂದು ಖಾತ್ರಿ ಮಾಡಿಕೊಳ್ಳುತ್ತಾರೆ.